ಬೀಗದ ಕೈ ಯಾರ ಬಳಿ?

ವಿದ್ಯಾರ್ಥಿವೇತನದ ಅರ್ಜಿಗಳನ್ನು ಮೇಲಕ್ಕೆ ಕಳುಹಿಸುವ ಕೊನೆಯ ದಿನ. ನಮ್ಮ ಕಾಲೇಜಿನ ಹುಡುಗನೊಬ್ಬ ಕಣ್ಣು ತುಂಬಿಕೊಂಡು ನನ್ನೆದುರು ನಿಂತ. ಅವನು ಈ-ಮೇಲಿನಲ್ಲಿ ಕಳುಹಿಸಿದ್ದ ಮನವಿ ಕಚೇರಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹುಡುಕಿದಾಗ ಅದು ಲಾಟರಿಯ ಆಮಿಷಗಳ ನಡುವೆ, ಕಸದ ಪತ್ರಗಳ ರಾಶಿಯಲ್ಲಿ ಬಿದ್ದಿತ್ತು.

“ಇಂಥ ಪತ್ರಗಳು ಒಳ್ಳೆಯವೆಂದು ಯಂತ್ರಕ್ಕೆ ಕಲಿಸಿದ್ದೆನಲ್ಲ, ಸಾರ್!” ಎಂದು ಗಣಕಯಂತ್ರವನ್ನು ನೋಡಿಕೊಳ್ಳುವ ತರುಣ ಪೇಚಾಡಿದ. ಕಲಿಸಿದ್ದು ನಿಜ. ಹಾಗಾದರೆ ಕಲಿತ ವಿದ್ಯೆ ಎಲ್ಲಿ ಹೋಯಿತು?

ನಮ್ಮಲ್ಲಿ ಪತ್ರಗಳನ್ನು ಸೋಸುವುದು ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶ. 2001ರಲ್ಲಿ ಜಸ್ಟಿನ್ ಮೇಸನ್ ಎಂಬಾತ ಆರಂಭಿಸಿದ ಕೆಲಸವಿದು. ಪ್ರತಿಯೊಂದು ಪತ್ರಕ್ಕೂ ಅದು ಅಂಕ ಕೊಡುತ್ತದೆ. ಸಾಮಾನ್ಯವಾಗಿ 5 ಮುಟ್ಟಿದರೆ ಪತ್ರ ಕಸವೆಂದು ತೀರ್ಪು. ಸಿದ್ಧ ನಿಯಮಗಳಲ್ಲದೆ, ಕಲಿತು ತೂಗುವ ಭಾಗವೊಂದು ಅದರಲ್ಲಿದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯಸ್‌ನ ಗಣಿತವೇ ಅದಕ್ಕೆ ಆಧಾರ. 200 ಒಳ್ಳೆಯ ಪತ್ರ, 200 ಕೆಟ್ಟ ಪತ್ರಗಳನ್ನು ಕಂಡ ಮೇಲೆಯೇ ಅದು ಬಾಯಿ ತೆರೆಯುವುದು. ಕಲಿತದ್ದನ್ನೆಲ್ಲ ಕಡತಗಳಲ್ಲಿ ಬರೆದಿಡುತ್ತದೆ.

ಎಡವಿದ್ದು ಇಲ್ಲಿಯೇ. ನಮ್ಮ ತರುಣ ಪಾಠ ಹೇಳಿದ್ದು ‘ರೂಟ್’ ಎಂಬ ಸರ್ವಾಧಿಕಾರಿಯ ಹೆಸರಿನಲ್ಲಿ. ಹುಟ್ಟಿದ ಕಡತಗಳೂ ರೂಟ್‌ನ ಸ್ವತ್ತಾದವು. ದಿನವೂ ತೀರ್ಪು ಕೊಡುವ ಸೇವೆಯಾದರೋ ಬೇರೊಬ್ಬ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿತ್ತು. ಅದು ಕಡತ ತೆರೆಯಲು ಹೋದಾಗಲೆಲ್ಲ ‘ಪರ್ಮಿಷನ್ ಡಿನೈಡ್’ ಎಂಬ ಉತ್ತರ! ಅಷ್ಟಕ್ಕೆ ಸೇವೆ ನಿಲ್ಲಲಿಲ್ಲ. ಕಲಿಕೆಯನ್ನು ಬದಿಗಿಟ್ಟು ಉಳಿದ ನಿಯಮಗಳಿಂದಲೇ ತೀರ್ಪು ಕೊಡುತ್ತ ಹೋಯಿತು. ಆದ್ದರಿಂದಲೇ ಯಾರಿಗೂ ಸಂಶಯ ಬರಲಿಲ್ಲ. ಯಂತ್ರದ ದಿನಚರಿಯಲ್ಲಿ ಮಾತ್ರ ಆ ಒಂದು ಸಾಲು ಮತ್ತೆ ಮತ್ತೆ ದಾಖಲಾಗಿತ್ತು, ಓದಿದವರಿಲ್ಲ.

“777 ಕೊಟ್ಟುಬಿಡಲೇ?” ಎಂದ ತರುಣ. ಓದಲು 4, ಬರೆಯಲು 2, ನಡೆಸಲು 1; ಒಟ್ಟು 7. ಮೂರು ಏಳೆಂದರೆ ಒಡೆಯ, ಗುಂಪು, ಇತರರು, ಎಲ್ಲರಿಗೂ ಎಲ್ಲ ಅಧಿಕಾರ. ಬೀಗದ ಕೈ ಕಳೆಯಿತೆಂದು ಬಾಗಿಲನ್ನೇ ಕಿತ್ತಿಡಬಹುದೇ? ಆ ಯಂತ್ರದಲ್ಲಿ ಖಾತೆಯಿರುವ ಯಾರಾದರೂ ಕಡತವನ್ನು ಕೆಡಿಸಿಯಾರು.

ಸರಿಯಾದ ದಾರಿ ಬೇರೆ. ಸೇವೆ ಯಾರ ಹೆಸರಿನಲ್ಲಿ ನಡೆಯುತ್ತಿದೆಯೆಂದು ನೋಡಿ, ಕಡತಗಳ ಒಡೆತನವನ್ನು ಆ ಹೆಸರಿಗೆ ವರ್ಗಾಯಿಸಬೇಕು. ಕಡತದವರೆಗಿನ ಪ್ರತಿಯೊಂದು ಕೋಶದಲ್ಲೂ ಅದಕ್ಕೆ ಪ್ರವೇಶವಿದೆಯೇ ಎಂದು ಪರೀಕ್ಷಿಸಬೇಕು. ಮುಂದಿನ ಪಾಠಗಳನ್ನೂ ಅದೇ ಹೆಸರಿನಲ್ಲಿ ಹೇಳಬೇಕು. ಇಲ್ಲವಾದರೆ ಹಳೆಯ ಕಥೆಯೇ ಮರುಕಳಿಸೀತು.

ಹುಡುಗನ ಮನವಿ ಅಂದು ಸಂಜೆಯೊಳಗೆ ಮುಂದಕ್ಕೆ ಹೋಯಿತು. ಅಂದಿನಿಂದ ನಮ್ಮ ತರುಣ ಬೆಳಿಗ್ಗೆ ಕಾಫಿಗೆ ಮೊದಲು ಯಂತ್ರದ ದಿನಚರಿಯನ್ನು ಓದುತ್ತಾನೆ.