ಎಲ್ಫರ ಕಥೆಗಳಲ್ಲಿ ದೃಢಚಿತ್ತ ದಂಪತಿಗಳೂ ದಾಯಾದಿ ಕಲಹವೂ

ದೃಢಚಿತ್ತರಾದ ಇಬ್ಬರು ಒಂದೇ ಸೂರಿನ ಕೆಳಗೆ ಬಾಳುವುದಾದರೆ ಆ ಮನೆಗೆ ಬಲವುಂಟಾಗುವುದೋ ಬಿರುಕುಂಟಾಗುವುದೋ? ಇದು ಹಳೆಯ ಪ್ರಶ್ನೆ. ಈಗಿನ ಓದುಗರು ಇದೇ ಪ್ರಶ್ನೆಯನ್ನು ಒಂದು ಹೊಸ ಸ್ಥಳದಲ್ಲಿ, ಎಂದರೆ ಎಲ್ಫರೆಂಬ ಕಲ್ಪಿತ ಜನಾಂಗದ ಕಥೆಗಳಲ್ಲಿ, ಎತ್ತಿಕೊಂಡಿರುವರು. ಅವರು ಬರೀ ಓದಿ ಸುಮ್ಮನಾಗದೆ, ಮೂಲ ಗ್ರಂಥಕರ್ತರು ಹೇಳದೆ ಬಿಟ್ಟುದನ್ನು ತಾವೇ ಕಥೆಗಳಾಗಿ ಬರೆಯುತ್ತಾರೆ. ಇಂಥ ಬರಹಕ್ಕೆ ಫ್ಯಾನ್ ಫಿಕ್ಷನ್, ಎಂದರೆ ಅಭಿಮಾನಿಗಳ ಕಥೆ, ಎಂದು ಹೆಸರು. ಇದನ್ನು ಹುಡುಗಾಟವೆಂದು ತಳ್ಳಿಬಿಡುವವರು ಉಂಟು. ಆದರೆ ಗಂಡಹೆಂಡಿರ ಮನೋಬಲವೂ ದಾಯಾದಿಗಳ ಮತ್ಸರವೂ ಇಲ್ಲಿ ಎಷ್ಟು ಆಳವಾಗಿ ಪರೀಕ್ಷೆಗೆ ಒಳಗಾಗುತ್ತವೆಂಬುದನ್ನು ಒಂದು ಮನೆತನದ ದೃಷ್ಟಾಂತದಿಂದ ತಿಳಿಸುವುದೇ ಈ ಲೇಖನದ ಉದ್ದೇಶವು.

ಎಲ್ಫರು ಉತ್ತರ ಯುರೋಪಿನ ಪುರಾತನ ಕಥೆಗಳಲ್ಲಿ ಬರುವವರು. ಅವರಿಗೆ ರಾಜವಂಶಗಳನ್ನೂ ಭಾಷೆಗಳನ್ನೂ ಸಾವಿರಾರು ವರ್ಷಗಳ ಚರಿತ್ರೆಯನ್ನೂ ಕಲ್ಪಿಸಿಕೊಟ್ಟವರು ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕೀನರು (೧೮೯೨–೧೯೭೩). ಅವರ ‘ದಿ ಹಾಬಿಟ್’ ೧೯೩೭ರಲ್ಲಿಯೂ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ೧೯೫೪–೫೫ರಲ್ಲಿಯೂ ಪ್ರಕಟವಾದವು. ಎಲ್ಫರ ಪೂರ್ವಚರಿತ್ರೆಯಾದ ‘ದಿ ಸಿಲ್ಮರಿಲಿಯನ್’ ಅವರ ಮರಣಾನಂತರ, ಮಗ ಕ್ರಿಸ್ಟೋಫರ್ ಟೋಲ್ಕೀನರ ಸಂಪಾದಕತ್ವದಲ್ಲಿ ೧೯೭೭ರಲ್ಲಿ ಹೊರಬಂತು. ಆಮೇಲೆ ಮಗನು ೧೯೮೩ರಿಂದ ೧೯೯೬ರ ವರೆಗೆ ತಂದೆಯ ಕರಡುಗಳನ್ನು ೧೨ ಸಂಪುಟಗಳಲ್ಲಿ ಮುದ್ರಿಸಿದರು. ಈ ಎಲ್ಫರು ಮುಪ್ಪಿನಿಂದ ಸಾಯುವವರಲ್ಲ. ಜೀವಮಾನದಲ್ಲಿ ಒಮ್ಮೆ ಮಾತ್ರ ಮದುವೆಯಾಗುವುದು ಅವರ ರೂಢಿ. ಆದಕಾರಣ ಮನುಷ್ಯರಲ್ಲಿ ಮರಣವು ಮುಚ್ಚಿಬಿಡುವ ಜಗಳಗಳು ಅವರಲ್ಲಿ ತೆರೆದೇ ಇರುತ್ತವೆ. ಕಥೆಗಾರರಿಗೆ ಇದಕ್ಕಿಂತ ಫಲವತ್ತಾದ ಹೊಲ ಇನ್ನೇನು ಬೇಕು?

ನೋಲ್ದೋರ್ ಎಂಬ ಎಲ್ಫ ಕುಲಕ್ಕೆ ಫಿನ್ವೆಯು ಅರಸನು. ಅವನ ಪತ್ನಿ ಮೀರಿಯೆಲ್ ಕಸೂತಿಯಲ್ಲಿ ಎಣೆಯಿಲ್ಲದವಳು. ಆಕೆ ಫೆಯಾನೋರನನ್ನು ಹೆತ್ತು, ಅನೇಕ ಮಕ್ಕಳಿಗೆ ಸಾಲಬಹುದಾಗಿದ್ದ ತನ್ನ ಸತ್ವವೆಲ್ಲವೂ ಈ ಒಬ್ಬನೊಳಗೆ ಸೇರಿಹೋಯಿತೆಂದು ಹೇಳಿ, ಬದುಕಿಗೆ ಬೇಸತ್ತು ಪ್ರಾಣವನ್ನು ಬಿಟ್ಟಳು. ಫಿನ್ವೆಯು ಬಹುಕಾಲ ದುಃಖಿಸಿ, ವಿಶೇಷ ಅನುಮತಿ ಪಡೆದು, ಇಂದಿಸಳನ್ನು ಮದುವೆಯಾದನು. ಅವಳಲ್ಲಿ ಫಿಂಗೋಲ್ಫಿನ್, ಫಿನಾರ್ಫಿನ್ ಎಂಬ ಗಂಡುಮಕ್ಕಳು ಹುಟ್ಟಿದರು. ತಾಯಿಯಿಲ್ಲದ ಹಿರಿಯ ಮಗನಿಗೆ ಮಲತಾಯಿಯೂ ಅವಳ ಮಕ್ಕಳೂ ಹಿಡಿಸಲಿಲ್ಲ. ಇಂದಿಸಳು ಅವನಿಗೆ ಕೇಡು ಬಗೆದವಳಲ್ಲ. ಗಾಯವು ತಾಯಿಯ ಅಗಲಿಕೆಯಿಂದ ಆದದ್ದು. ಹಗೆಯಾದರೋ ತಮ್ಮಂದಿರ ಮೇಲೆ ಬಿತ್ತು. ಮೆಲ್ಕೋರನೆಂಬ ದುಷ್ಟನು ಈ ಬಿರುಕನ್ನು ಕಂಡು ಎರಡು ಕಡೆಯೂ ಪಿಸುಮಾತು ಹಬ್ಬಿಸಿದನು. ಕಡೆಗೆ ಫೆಯಾನೋರನು ಎಲ್ಲರೂ ನೋಡುತ್ತಿರಲು ಫಿಂಗೋಲ್ಫಿನನ ಎದೆಗೆ ಕತ್ತಿಯ ಮೊನೆಯನ್ನಿಟ್ಟನು. ಅದಕ್ಕಾಗಿ ೧೨ ವರ್ಷ ತಿರಿಯೋನ್ ಪಟ್ಟಣವನ್ನು ಬಿಟ್ಟಿರಬೇಕಾಯಿತು.

ಈ ಫೆಯಾನೋರನ ಪತ್ನಿಯೇ ನೆರ್ದಾನೆಲ್. ಮಹ್ತಾನನೆಂಬ ಲೋಹಶಿಲ್ಪಿಯ ಮಗಳು. ಕುಲದ ರೂಪವತಿಯರ ಸಾಲಿನಲ್ಲಿ ಅವಳ ಹೆಸರಿರಲಿಲ್ಲ. ಆದರೆ ಅವಳು ಕಲ್ಲಿನಲ್ಲಿ ಕೆತ್ತಿದ ಪ್ರತಿಮೆಗಳು ಎಷ್ಟು ಜೀವಂತವಾಗಿದ್ದುವೆಂದರೆ, ತಿಳಿಯದವರು ಹತ್ತಿರ ಬಂದು ಅವನ್ನು ಮಾತನಾಡಿಸುತ್ತಿದ್ದರಂತೆ. ಗಂಡನಂತೆ ಅವಳೂ ದೃಢಚಿತ್ತೆ. ಭೇದವೆಲ್ಲಿತ್ತೆಂದರೆ, ಅವನು ಪರರ ಮನಸ್ಸನ್ನು ಆಳಬಯಸುತ್ತಿದ್ದನು. ಅವಳು ಅದನ್ನು ಅರಿಯಬಯಸುತ್ತಿದ್ದಳು. ಅವನ ಕೋಪವು ಉರಿಯೆದ್ದಾಗ ಮೊದಮೊದಲು ಅವಳೊಬ್ಬಳೇ ಅದನ್ನು ತಣಿಸಬಲ್ಲವಳಾಗಿದ್ದಳು. ಅವರಿಗೆ ಏಳು ಮಂದಿ ಗಂಡುಮಕ್ಕಳು. ಬರಬರುತ್ತ ಅವನು ಯಾರ ಆಲೋಚನೆಗೂ ಕಿವಿಗೊಡದವನಾದನು. ಕತ್ತಿ ಎತ್ತಿದ ತಪ್ಪಿಗೆ ಗಂಡನು ಊರುಬಿಟ್ಟಾಗ ನೆರ್ದಾನೆಲಳು ಅವನ ಸಂಗಡ ಹೋಗಲಿಲ್ಲ. ಕರಡುಗಳಲ್ಲಿ ಒಂದು ಹೇಳುವ ಪ್ರಕಾರ, ಅವಳು ತಾನು ಮೊದಲಿನಿಂದಲೂ ಗೌರವಿಸುತ್ತಿದ್ದ ಇಂದಿಸಳ ಮನೆಯಲ್ಲಿ ಇರಲು ಅಪ್ಪಣೆ ಕೇಳಿಕೊಂಡಳು. ಗಂಡನು ದ್ವೇಷಿಸಿದ ಮಲತಾಯಿಯ ಆಶ್ರಯಕ್ಕೆ ಹೆಂಡತಿ ಹೋದಳು! ದಾಂಪತ್ಯದ ವಿರಸವೂ ಮನೆತನದ ವೈರವೂ ಈ ಒಂದು ಹೆಜ್ಜೆಯಲ್ಲಿ ಸಂಧಿಸುತ್ತವೆ.

ಅನಂತರ ಮೆಲ್ಕೋರನು ಫಿನ್ವೆಯನ್ನು ಕೊಂದು, ಫೆಯಾನೋರನು ನಿರ್ಮಿಸಿದ್ದ ಸಿಲ್ಮರಿಲ್‌ಗಳೆಂಬ ಮೂರು ಮಣಿಗಳನ್ನು ಅಪಹರಿಸಿದನು. ಆ ಮಣಿಗಳನ್ನು ಯಾರಿಟ್ಟುಕೊಂಡರೂ ಬಿಡೆವೆಂದು ತಂದೆಯೂ ಏಳು ಮಂದಿ ಮಕ್ಕಳೂ ಘೋರವಾದ ಆಣೆಯಿಟ್ಟರು. ಹೊರಡುವ ಮುಂಚೆ ನೆರ್ದಾನೆಲಳು, ಅವಳಿಜವಳಿಗಳಾದ ಕಿರಿಯ ಮಕ್ಕಳನ್ನಾದರೂ, ಇಬ್ಬರಲ್ಲಿ ಒಬ್ಬನನ್ನಾದರೂ, ತನಗೆ ಬಿಟ್ಟುಹೋಗಬೇಕೆಂದು ಬೇಡಿದಳೆಂದು ೧೯೯೬ರಲ್ಲಿ ಅಚ್ಚಾದ ಕರಡು ತಿಳಿಸುತ್ತದೆ. ನಿಜವಾದ ಹೆಂಡತಿಯಾಗಿದ್ದರೆ ನೀನೇ ನಮ್ಮೊಡನೆ ಬರುತ್ತಿದ್ದೆ ಎಂಬುದು ಗಂಡನ ಉತ್ತರ. ಹಾಗಾದರೆ ಒಬ್ಬನಂತೂ ಆಚೆಯ ದಡವನ್ನು ಮೆಟ್ಟಲಾರನೆಂದು ಅವಳು ಹೇಳಿದಳು. ಫೆಯಾನೋರನು ನೆರೆಯ ಕುಲದವರನ್ನು ಕೊಂದು ಅವರ ಹಡಗುಗಳನ್ನು ವಶಮಾಡಿಕೊಂಡು ಸಮುದ್ರವನ್ನು ದಾಟಿದನು. ಹಿಂದುಳಿದ ತಮ್ಮನ ಕಡೆಯವರು ಬಾರದಂತೆ ಆ ಹಡಗುಗಳಿಗೆ ರಾತ್ರಿಯಲ್ಲಿ ಬೆಂಕಿಯಿಡಿಸಿದನು. ಅವಳಿಗಳಲ್ಲೊಬ್ಬನು ಆ ಹಡಗೊಂದರಲ್ಲಿ ಮಲಗಿದ್ದನು. ೧೯೭೭ರ ಗ್ರಂಥದಲ್ಲಾದರೋ ಈ ಸಂಗತಿಯಿಲ್ಲ. ಅಲ್ಲಿ ಅವಳಿಗಳಿಬ್ಬರೂ ಬಹುಕಾಲ ಬದುಕುವರು.

ಇತರ ದಂಪತಿಗಳನ್ನು ಇವರೊಡನೆ ಹೋಲಿಸಿ ನೋಡಬಹುದು. ತಿಂಗೋಲ್ ಅರಸನು ಮಗಳಾದ ಲೂಥಿಯೆನಳನ್ನು ಮರ್ತ್ಯನಾದ ಬೆರೆನನಿಗೆ ಕೊಡಲೊಲ್ಲದೆ, ಸಿಲ್ಮರಿಲೊಂದನ್ನು ಕನ್ಯಾಶುಲ್ಕವಾಗಿ ಕೇಳಿದನು. ಇದರಿಂದ ಕೇಡಾಗುವುದೆಂದು ರಾಣಿ ಮೆಲಿಯಾನಳು ಎಚ್ಚರಿಸಿದಳು, ಅರಸನು ಕೇಳಲಿಲ್ಲ, ಆ ಮಣಿಯ ನಿಮಿತ್ತವೇ ಅವನು ಸತ್ತನು. ಗಲಾದ್ರಿಯೆಲಳು ಫಿನಾರ್ಫಿನನ ಮಗಳು. ಫೆಯಾನೋರನು ಅವಳ ಹೊಂಗೂದಲಿನ ಎಳೆಗಾಗಿ ಮೂರು ಸಾರಿ ಬೇಡಿದರೂ ಅವಳು ಒಂದನ್ನೂ ಕೊಡಲಿಲ್ಲ. ಯುಗಗಳು ಕಳೆದ ಮೇಲೆ ವಿನಯದಿಂದ ಕೇಳಿಕೊಂಡ ಗಿಮ್ಲಿಯೆಂಬ ಕುಬ್ಜನಿಗೆ ಮೂರು ಎಳೆಗಳನ್ನು ಕೊಟ್ಟಳು. ಹೆಸರಿನಲ್ಲಿ ಗಂಡ ಕೆಲೆಬೋರ್ನನಿಗಿಂತ ಅವಳೇ ಮುಂದಾದರೂ ಅವರಿಬ್ಬರೂ ಸಮಾಸನದಲ್ಲಿ ಕುಳಿತು ರಾಜ್ಯವಾಳಿದರು. ಇವುಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಟೋಲ್ಕೀನರ ಕಥೆಗಳಲ್ಲಿ ಮನೆಯನ್ನು ಕೆಡಿಸುವುದು ಮನಸ್ಸಿನ ದಾರ್ಢ್ಯವಲ್ಲ. ಇನ್ನೊಬ್ಬರ ಎಚ್ಚರಿಕೆಯನ್ನು ಕೇಳಲೊಲ್ಲದ ಕಿವಿಯೇ ಕೆಡಿಸುವುದು.

ದಾಯಾದಿ ಕಲಹದಲ್ಲಿಯೂ ಹಾಗೆಯೇ. ಹಡಗುಗಳು ಉರಿದುಹೋದ ಮೇಲೆ ಫಿಂಗೋಲ್ಫಿನನ ಜನರು ಹಿಮಗಡ್ಡೆಗಳ ಮೇಲೆ ಕಾಲ್ನಡೆಯಾಗಿ, ಅನೇಕರನ್ನು ಕಳೆದುಕೊಂಡು, ಆಚೆಯ ದಡಕ್ಕೆ ಬಂದರು. ಸೇಡು ತೀರಿಸುವುದಕ್ಕೆ ಅವರಿಗೆ ಕಾರಣವುಂಟಷ್ಟೆ. ಅಷ್ಟರಲ್ಲಿ ಫೆಯಾನೋರನು ಸತ್ತು, ಅವನ ಹಿರಿಯ ಮಗ ಮೈದ್ರೋಸನು ಮೆಲ್ಕೋರನ ಸೆರೆಗೆ ಸಿಕ್ಕಿ, ಬಂಡೆಯೊಂದಕ್ಕೆ ಕೈಯಿಂದ ತೂಗುಹಾಕಲ್ಪಟ್ಟಿದ್ದನು. ಅವನನ್ನು ಬಿಡಿಸತಕ್ಕದ್ದೆಂದು ಒಬ್ಬಂಟಿಗನಾಗಿ ಹೊರಟವನು ಫಿಂಗೋಲ್ಫಿನನ ಮಗ ಫಿಂಗೋನನೇ. ಬಿಡುಗಡೆಯಾದ ಮೈದ್ರೋಸನು ತನ್ನವರ ದ್ರೋಹಕ್ಕೆ ಕ್ಷಮೆ ಬೇಡಿ, ಅರಸುತನವನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟನು. ತಂದೆಯರ ಕತ್ತಿಯು ಸೀಳಿದ್ದನ್ನು ಮಕ್ಕಳ ಸ್ನೇಹವು ಸ್ವಲ್ಪ ಕಾಲವಾದರೂ ಹೊಲಿಯಿತು.

ಇನ್ನು ಅಭಿಮಾನಿಗಳ ಕಥೆಗಳಿಗೆ ಬರೋಣ. ಸಿಲ್ಮರಿಲಿಯನ್ ಗ್ರಂಥದಲ್ಲಿ ನೆರ್ದಾನೆಲಳಿಗೆ ದೊರೆತಿರುವುದು ಕೆಲವೇ ವಾಕ್ಯಗಳು. ಗಂಡನ ಮಾತುಗಳಾದರೋ ಪುಟಪುಟಗಳಲ್ಲಿವೆ. ಆ ಏಳು ಮಕ್ಕಳು ಹೊರಟ ದಿನ ತಾಯಿ ಏನು ಮಾಡಿದಳು? ಮೊದಲು ಆ ದಂಪತಿಗಳಲ್ಲಿ ಪ್ರೀತಿಯು ಹೇಗೆ ಹುಟ್ಟಿತು? ಗ್ರಂಥವು ಉತ್ತರ ಕೊಡುವುದಿಲ್ಲ. ಈ ಮೌನವನ್ನು ಸಹಿಸಲಾರದ ಓದುಗರು, ಅವರಲ್ಲಿಯೂ ಅನೇಕ ಸ್ತ್ರೀಯರು, ಲೇಖನಿ ಹಿಡಿದರು. ಕನ್ನಡಿಗರಿಗೆ ಇದು ಅಪರಿಚಿತವಾದ ದಾರಿಯಲ್ಲ. ವಾಲ್ಮೀಕಿಯ ಕಾವ್ಯದಲ್ಲಿ ಮರೆಯಲ್ಲುಳಿದ ಊರ್ಮಿಳೆಗೆ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ತಪಸ್ವಿನಿಯ ಸ್ಥಾನವನ್ನು ಕೊಟ್ಟಿರುವರಷ್ಟೆ. ಅಭಿಮಾನಿಗಳ ಕಥೆಗಳು ಮಹಾಕಾವ್ಯಗಳಲ್ಲ, ನಿಜ; ಅವರು ಹಣಕ್ಕಾಗಿ ಬರೆಯುವವರೂ ಅಲ್ಲ. ಆದರೆ ಹೇಳದೆ ಉಳಿದವಳ ಕಡೆಗೆ ತಿರುಗಿ ನೋಡುವ ಗುಣವು ಎರಡಕ್ಕೂ ಸಮಾನವಾದದ್ದು. ಇಂಥ ಬರಹಗಳ ದೊಡ್ಡ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ ೨೦೦೯ರಲ್ಲಿ ಓದುಗರಿಗೆ ತೆರೆಯಿತು. ೨೦೧೯ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿಯೂ ಸಂದಿತು.

ಈ ಕಥೆಗಳೆಲ್ಲವೂ ಒಳ್ಳೆಯವೆಂದು ನಾನು ಹೇಳಲಾರೆ. ದೃಢಚಿತ್ತೆಯೆಂದರೆ ಮಾತುಮಾತಿಗೆ ಸಿಡಿಯುವವಳು, ಬಾಗಿಲನ್ನು ಬಡಿದು ಹೋಗುವವಳು ಎಂದು ತಿಳಿದು ಬರೆದ ಕಥೆಗಳಲ್ಲಿ ಗದ್ದಲವಿದೆಯೇ ಹೊರತು ಬಲವಿಲ್ಲ. ಒಂದು ಮನೆತನವನ್ನು ಬರೀ ಸಜ್ಜನರೆಂದೂ ಇನ್ನೊಂದನ್ನು ಬರೀ ದುರ್ಜನರೆಂದೂ ಬರೆದರೆ ವೈರವು ಬೊಂಬೆಯಾಟವಾಗುವುದು. ಒಳ್ಳೆಯ ಲೇಖಕಿಯು ಫೆಯಾನೋರನ ಒಳಗಿರುವ ತಾಯಿಯಿಲ್ಲದ ಹುಡುಗನನ್ನು ಮರೆಯುವುದಿಲ್ಲ. ಹಾಗೆಂದು ಅವನು ಹಚ್ಚಿದ ಬೆಂಕಿಯನ್ನು ಮುಚ್ಚಿಡುವುದೂ ಇಲ್ಲ. ನೆರ್ದಾನೆಲಳಿಗೆ ಗಂಡನ ಮೇಲೆ ಪ್ರೀತಿಯಿತ್ತೆಂಬುದನ್ನೂ, ಪ್ರೀತಿಯಿದ್ದೂ ಅವಳು ಹಿಂಬಾಲಿಸಲಿಲ್ಲವೆಂಬುದನ್ನೂ ಒಂದೇ ಕೈಯಲ್ಲಿ ಹಿಡಿದು ಬರೆಯುವುದು ಸುಲಭವಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಹುಡುಗಿಯೊಬ್ಬಳು ಇಲ್ಲವೆಂದು ಹೇಳಿದಾಗ ಅದಕ್ಕೆ ಹಟವೆಂದು ಹೆಸರಿಡುವುದು ಲೋಕರೂಢಿ. ಕೆಲವು ವೇಳೆ ಅದು ಹಟವೇ ಆಗಿರಬಹುದು. ಆದರೆ ಎಲ್ಲರೂ ಆಣೆಯಿಟ್ಟು ಹೊರಟ ದಿವಸ, ಬರಲಾರೆನೆಂದು ನಿಂತ ನೆರ್ದಾನೆಲಳದು ಹಟವೋ ವಿವೇಕವೋ ಎಂಬುದನ್ನು ನೀವೇ ಓದಿ ನಿರ್ಣಯಿಸಿರಿ. ಅವಳನ್ನು ಕುರಿತು ಬರೆಯುವ ಮನಸ್ಸು ನಿಮ್ಮಲ್ಲಿ ಯಾರಿಗಾದರೂ ಉಂಟಾದರೆ, ಜಗಳದಿಂದ ಆರಂಭಿಸಬೇಡಿರಿ. ಮನೆಯು ಬರಿದಾದ ಮರುದಿನ ಬೆಳಗ್ಗೆ ಅವಳು ಉಳಿಯನ್ನು ಕೈಗೆ ತೆಗೆದುಕೊಂಡಳೇ, ತೆಗೆದುಕೊಂಡಿದ್ದರೆ ಏಳು ಮುಖಗಳಲ್ಲಿ ಯಾವುದನ್ನು ಮೊದಲು ಕೆತ್ತಿದಳು ಎಂಬಲ್ಲಿಂದ ಆರಂಭಿಸಿರಿ.