ಪುಟದಂಚಿನ ಜಗಳಗಳು

ಅ.ನ.ಕೃ. ಅವರ ‘ಶನಿಸಂತಾನ’ದ ಹಳೆಯ ಪ್ರತಿಯೊಂದು ಈಚೆಗೆ ಕೈಗೆ ಬಂತು. ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯದು. ಮೊಹರಿನಲ್ಲಿ ಹೆಸರು ಅಳಿಸಿಹೋಗಿ ‘ಜಯನಗರ’ ಅನ್ನುವುದಷ್ಟೇ ಉಳಿದಿದೆ. ಕಂದು ಕಾಗದದ ಹೊದಿಕೆ, ಕೊನೆಯ ಪುಟದಲ್ಲಿ ತಾರೀಖು ಒತ್ತಿದ ಚೀಟಿ. ಕಥೆಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಪುಟದ ಅಂಚು. ‘ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ?’ ಎಂದು ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಅದರ ಕೆಳಗೆ ನೀಲಿ ಶಾಯಿಯ ಉತ್ತರ: ‘ಇಟ್ಟುಕೊಳ್ಳಬೇಡಿ, ಬೇಗ ವಾಪಸ್ ಕೊಡಿ, ಕಾಯುವವರಿದ್ದಾರೆ.’ ಇನ್ನೂ ಕೆಳಗೆ ಮೂರನೆಯವರು: ‘ಇಬ್ಬರೂ ಕೊನೆತನಕ ಓದಿದ್ದೀರಲ್ಲ!’

ಒಬ್ಬರ ಮುಖ ಒಬ್ಬರು ನೋಡಿರದ ಈ ಮೂವರ ಮಾತಿನ ಹಿಂದೆ ದೊಡ್ಡ ರಂಪವೇ ಇದೆ. ವೇಶ್ಯೆಯರ ಬದುಕನ್ನು ಕುರಿತು ಅ.ನ.ಕೃ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ನಾಡೆಲ್ಲ ಎದ್ದು ಕೂತಿತು. ಅಶ್ಲೀಲ ಎಂದರು, ದುಡ್ಡಿಗಾಗಿ ಬರೆಯುತ್ತಾನೆ ಎಂದರು. ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ ಸುಮ್ಮನಿರುವ ಪೈಕಿಯಲ್ಲ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂದು ಒಂದು ಪುಸ್ತಕವನ್ನೇ ಬರೆದು ಜವಾಬು ಕೊಟ್ಟರು. ಓದುಗರ ಸಿಟ್ಟಿಗೆ ಪುಸ್ತಕದಿಂದಲೇ ಉತ್ತರ! ಇವತ್ತಿನ ಲೇಖಕರಿಗೆ ಆ ಭಾಗ್ಯವಿಲ್ಲ, ಅಷ್ಟು ಸಿಟ್ಟಾಗುವಷ್ಟು ಓದುವವರೇ ಕಡಿಮೆ. ಇಷ್ಟೆಲ್ಲ ಬೈಸಿಕೊಂಡ ಅ.ನ.ಕೃ. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು ಅನ್ನುವುದನ್ನೂ ಮರೆಯಬಾರದು.

ಅವರ ಮನೆ ಇದ್ದದ್ದು ವಿಶ್ವೇಶ್ವರಪುರದಲ್ಲಿ. ಅದರ ಪಕ್ಕದ ಬಯಲಲ್ಲಿ 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದು, ಒಂದೊಂದೇ ಬ್ಲಾಕು ಏಳತೊಡಗಿತು. ಹೊಸ ಮನೆ, ಹೊಸ ನೆರೆಹೊರೆ. ಪರಿಚಯವಾಗಲು ಮಾತಿಗೊಂದು ನೆಪ ಬೇಕಿತ್ತು. ಆ ನೆಪ ಬಾಡಿಗೆ ಕಾದಂಬರಿಯಿಂದ ಬಂತು ಅನ್ನುವುದು ನನ್ನ ವಾದ. ಠೇವಣಿ ಕಟ್ಟಿದರೆ ಚಿಲ್ಲರೆ ಕಾಸಿಗೆ ಪುಸ್ತಕ. ಅದನ್ನು ಮನೆಯವರೆಲ್ಲ ಓದಿ, ಪಕ್ಕದ ಮನೆಯವರೂ ಕದ್ದು ಓದಿ, ಆಮೇಲೆ ವಾಪಸ್. ಲೈಬ್ರರಿಯ ಯಜಮಾನನೇ ಮೊದಲ ವಿಮರ್ಶಕ: ‘ತ್ರಿವೇಣಿ ಹೊರಗೆ ಹೋಗಿದೆ, ಎಂ.ಕೆ. ಇಂದಿರಾ ತಗೊಂಡು ಹೋಗಿ, ಅಳು ಬರುತ್ತೆ.’ 1965ರಲ್ಲಿ ‘ಸುಧಾ’ ಬಂದ ಮೇಲೆ ಧಾರಾವಾಹಿಯ ಕಂತುಗಳೂ ಇದಕ್ಕೆ ಸೇರಿಕೊಂಡವು. ಇಡೀ ಬೀದಿ ಒಂದೇ ಕಥೆಯ ಒಂದೇ ತಿರುವಿನಲ್ಲಿ ನಿಂತಿರುತ್ತಿತ್ತು. ಜಗಳಕ್ಕೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು?

ಟಿವಿ ಬಂತು, ಬಾಡಿಗೆ ಲೈಬ್ರರಿಗಳು ಕ್ಯಾಸೆಟ್ ಅಂಗಡಿಗಳಾದವು, ಕ್ಯಾಸೆಟ್ ಅಂಗಡಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾದವು. ಆ ಕಥೆ ಎಲ್ಲರಿಗೂ ಗೊತ್ತು.

ಹಳೆಯ ಕಾವು ಮತ್ತೊಮ್ಮೆ ಕಂಡದ್ದು 2007ರಲ್ಲಿ. ಎಸ್.ಎಲ್. ಭೈರಪ್ಪನವರ ‘ಆವರಣ’ದ ಮೊದಲ ಮುದ್ರಣ ಬಿಡುಗಡೆಗೂ ಮುಂಚೆಯೇ ಖರ್ಚಾಯಿತು; ಐದು ತಿಂಗಳಲ್ಲಿ ಹತ್ತು ಮರುಮುದ್ರಣ. ಭೈರಪ್ಪ ಕಾದಂಬರಿಕಾರರಲ್ಲ, ಚರ್ಚಾಪಟು ಎಂಬರ್ಥದ ಮಾತನ್ನು ಅನಂತಮೂರ್ತಿ ಆಡಿದ್ದೇ ತಡ, ಪತ್ರಿಕೆಗಳ ಓದುಗರ ಅಂಕಣಗಳಿಗೆ ಬೆಂಕಿ ಬಿತ್ತು. ಕಾದಂಬರಿಯನ್ನು ಮೆಚ್ಚಿಯೂ ತೆಗಳಿಯೂ ಪುಸ್ತಕಗಳೇ ಬಂದವು. ಯಾರ ಪಕ್ಷ ಸರಿ ಅನ್ನುವುದು ಬೇರೆ ಮಾತು. ಜಗಳವಾಡಿದವರಲ್ಲಿ ಬಹಳ ಜನ ಪುಸ್ತಕ ಓದಿದ್ದರು ಅನ್ನುವುದೇ ನನಗೆ ಮುಖ್ಯ.

ಈಗ ಭಾನುವಾರ ಬಂದರೆ ದಕ್ಷಿಣ ಬೆಂಗಳೂರಿನ ಯಾವುದಾದರೊಂದು ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ ಇದ್ದೇ ಇರುತ್ತದೆ. ಉಪ್ಪಿಟ್ಟು ಚೆನ್ನಾಗಿರುತ್ತದೆ. ಆದರೆ ಅಲ್ಲಿ ಪುಸ್ತಕ ಓದಿರುವವರು ವೇದಿಕೆಯ ಮೇಲಿನ ಇಬ್ಬರೋ ಮೂವರೋ. ಕೆಳಗೆ ಕೂತವರು ಓದದ ಪುಸ್ತಕಕ್ಕೆ ಚಪ್ಪಾಳೆ ತಟ್ಟುತ್ತಾರೆ. ಫೋಟೊ ತೆಗೆದುಕೊಂಡ ಮೇಲೆ ಆ ಕಾದಂಬರಿಯ ಸುದ್ದಿಯೇ ಇಲ್ಲ. ಕಬ್ಬನ್ ಪಾರ್ಕಿನಲ್ಲಿ 2023ರಿಂದ ಹಬ್ಬಿದ ಮೌನ ಓದಿನ ಚಾಳಿ ಲಾಲ್‌ಬಾಗಿಗೂ ಬಂದಿದೆ. ಚಾಪೆ ಹಾಸಿ ಓದುವ ಹುಡುಗ ಹುಡುಗಿಯರನ್ನು ನೋಡಿದರೆ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪುಸ್ತಕ. ಯಾರು ಯಾರ ಜತೆ ವಾದ ಮಾಡಬೇಕು?

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ಆ ದುಡ್ಡಿನ ಒಂದು ಚೂರಿನಲ್ಲಿ ಬಡಾವಣೆಯ ಗ್ರಂಥಾಲಯಗಳು ತಿಂಗಳಿಗೊಂದು ಕಾದಂಬರಿಯ ಹತ್ತು ಪ್ರತಿ ತರಿಸಿ, ಓದಿದವರನ್ನು ಒಂದು ಸಂಜೆ ಕೂರಿಸಬಹುದು. ಪ್ರಕಾಶಕರಿಗೂ ಒಂದು ವಿನಂತಿ: ಬಿಡುಗಡೆಯಾದ ಮೂರು ತಿಂಗಳಿಗೆ ಇನ್ನೊಂದು ಸಭೆ ಕರೆಯಿರಿ. ವೇದಿಕೆ ಬೇಡ, ಹಾರ ಬೇಡ, ಲೇಖಕರೂ ಬೇಡ. ಓದಿದವರು ಬಂದರೆ ಸಾಕು.