ಹಿಸ್ಟರಿಗಿಂತ ಮೊದಲು ಲೊಕೇಶನ್

ಫೋನಿನಲ್ಲಿ ‘ಹಿಸ್ಟರಿ ಕ್ಲಿಯರ್’ ಒತ್ತಿದರೆ ಅಳಿಯುವುದು ಹಲವು ಪ್ರತಿಗಳಲ್ಲಿ ಒಂದು ಮಾತ್ರ. ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೂತು ಯಾರೋ ‘ಶುಂಠಿ ಕೊಳೆರೋಗಕ್ಕೆ ಔಷಧಿ’ ಎಂದು ಗೂಗಲ್‌ನಲ್ಲಿ ಹುಡುಕಿದರು ಎಂದಿಟ್ಟುಕೊಳ್ಳೋಣ. ಆ ಸಾಲಿನ ಮೊದಲ ಪ್ರತಿ ಫೋನಿನೊಳಗೇ, ಬ್ರೌಸರ್ ಇಟ್ಟುಕೊಂಡ ಸಣ್ಣದೊಂದು ಡೇಟಾಬೇಸ್ ಕಡತದಲ್ಲಿ ಉಳಿಯುತ್ತದೆ. ಕ್ರೋಮ್ ಆದರೆ 90 ದಿನ. ಜಿಮೇಲ್ ಖಾತೆಗೆ ಲಾಗಿನ್ ಆಗಿದ್ದರೆ ಎರಡನೆಯ ಪ್ರತಿ ಕಂಪನಿಯ ಸರ್ವರ್‌ನಲ್ಲಿ ‘ವೆಬ್ ಮತ್ತು ಆ್ಯಪ್ ಚಟುವಟಿಕೆ’ ಎಂಬ ಹೆಸರಿನಡಿ ಕೂರುತ್ತದೆ. ಲಾಗಿನ್ ಆಗದಿದ್ದರೂ ಐಪಿ ವಿಳಾಸ, ಸಮಯ, ಕುಕಿ ಸೇರಿ ಸರ್ವರ್ ಲಾಗ್‌ನಲ್ಲಿ ಇನ್ನೊಂದು ದಾಖಲೆಯಾಗುತ್ತದೆ. ಆ ಐಪಿ ವಿಳಾಸದ ಒಂದು ಭಾಗವನ್ನು 9 ತಿಂಗಳ ಮೇಲೆ, ಕುಕಿಯ ವಿವರವನ್ನು 18 ತಿಂಗಳ ಮೇಲೆ ತೆಗೆಯುತ್ತೇವೆ ಎನ್ನುತ್ತದೆ ಗೂಗಲ್. ಸಿಮ್ ಕಂಪನಿಗೆ ನೀವು ಟೈಪ್ ಮಾಡಿದ ಪದಗಳು ಕಾಣುವುದಿಲ್ಲ, ಅವು ಗೂಢಲಿಪಿಯಲ್ಲಿ ಹೋಗುತ್ತವೆ. ಯಾವ ಜಾಲತಾಣಕ್ಕೆ ಹೋದಿರಿ ಎಂಬುದು ಮಾತ್ರ ಸಾಮಾನ್ಯವಾಗಿ ಕಾಣುತ್ತದೆ. ಸಂಪರ್ಕದ ದಾಖಲೆಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತನ್ನೇ ಬದಲಿಸಿತು. ಇಷ್ಟೆಲ್ಲ ಪ್ರತಿಗಳ ನಡುವೆ ನಮ್ಮ ಬೆರಳು ತಲುಪುವುದು ಮೊದಲೆರಡಕ್ಕೆ ಮಾತ್ರ. ಹೀಗಿರುವಾಗ ಶಿಕಾರಿಪುರ, ಸೊರಬದಂಥ ಸಣ್ಣ ಊರುಗಳವರು ಹಿಸ್ಟರಿಗಿಂತ ಮೊದಲು ಕೈಹಾಕಬೇಕಾದ್ದು ಲೊಕೇಶನ್‌ಗೆ ಎಂಬುದು ನನ್ನ ವಾದ.

ಕಾರಣ ತಿಳಿಯಲು 2006ಕ್ಕೆ ಹೋಗಬೇಕು. ಆ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಎಓಎಲ್ ಕಂಪನಿ ಸಂಶೋಧಕರಿಗೆ ನೆರವಾಗಲೆಂದು ಸುಮಾರು 6.5 ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು ಬಹಿರಂಗ ಮಾಡಿತು. ಹೆಸರುಗಳನ್ನು ಕಿತ್ತುಹಾಕಿ, ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಟ್ಟಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು 4417749 ಎಂಬ ಸಂಖ್ಯೆಯ ಹಿಂದಿದ್ದ ವೃದ್ಧೆಯ ಮನೆ ಬಾಗಿಲಿಗೆ ಹೋಗಿ ನಿಂತರು. ಆಕೆ ತನ್ನ ಹೆಸರನ್ನು ಎಲ್ಲೂ ಟೈಪ್ ಮಾಡಿಕೊಟ್ಟಿರಲಿಲ್ಲ. ತಾನಿದ್ದ ಸಣ್ಣ ಪಟ್ಟಣದಲ್ಲಿ ತೋಟದ ಕೆಲಸದವರು ಸಿಗುತ್ತಾರೆಯೇ ಎಂದು ಹುಡುಕಿದ್ದಳು, ತನ್ನದೇ ಮನೆತನದ ಹೆಸರಿನವರನ್ನು ಹುಡುಕಿದ್ದಳು, ಬೆರಳು ಜೋಮು ಹಿಡಿಯುವುದೇಕೆ ಎಂದು ಕೇಳಿದ್ದಳು. ಒಂದೊಂದು ಹುಡುಕಾಟವೂ ಒಂದೊಂದು ಜರಡಿ. ಯಾವ ಜರಡಿಯೂ ಒಂಟಿಯಾಗಿ ಯಾರನ್ನೂ ಹಿಡಿಯುವುದಿಲ್ಲ, ನಾಲ್ಕಾರು ಸೇರಿದರೆ ಕೊನೆಗೆ ಉಳಿಯುವುದು ಒಂದೇ ಕಾಳು. ಜನರ ಓಡಾಟದ ವಿಷಯದಲ್ಲಿ ಇದನ್ನು ಅಳೆದು ನೋಡಿದ್ದೂ ಉಂಟು. 15 ಲಕ್ಷ ಮಂದಿಯ ಮೊಬೈಲ್ ದಾಖಲೆಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಗುರುತುಗಳಿಂದ 95 ಪ್ರತಿಶತ ಜನರನ್ನು ಗುಂಪಿನಿಂದ ಬೇರೆ ಮಾಡಬಹುದು.

ಈಗ ಇದೇ ಜರಡಿಯನ್ನು ಸಾವಿರ ಜನರಿರುವ ಹಳ್ಳಿಯೊಂದರ ಮೇಲೆ ಆಡಿಸಿ ನೋಡಿ. ಹುಟ್ಟಿದ ದಿನದ ಲೆಕ್ಕ ಹಿಡಿದರೆ 80 ವರ್ಷಗಳಲ್ಲಿ ಸುಮಾರು 29,200 ದಿನ. ಗಂಡು, ಹೆಣ್ಣು ಎಂದು ವಿಂಗಡಿಸಿದರೆ 58,400 ಚೌಕಗಳ ಕೋಷ್ಟಕ. ಅದರಲ್ಲಿ ಸಾವಿರ ಜನರನ್ನು ಹರಡಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ತಮ್ಮ ಚೌಕದಲ್ಲಿ ಒಬ್ಬೊಬ್ಬರೇ. ಅಂದರೆ ಊರು, ಲಿಂಗ, ಹುಟ್ಟಿದ ದಿನ ಗೊತ್ತಾದರೆ ಹೆಸರು ಗೊತ್ತಾದಂತೆಯೇ. (ಶಾಲೆಗೆ ಸೇರಿಸುವಾಗ ಮೇಷ್ಟ್ರು ‘ಜೂನ್ 1’ ಎಂದು ಬರೆದುಕೊಂಡ ತಲೆಮಾರು ಈ ಲೆಕ್ಕದಿಂದ ಕೊಂಚ ತಪ್ಪಿಸಿಕೊಂಡಿದೆ, ಸರ್ಕಾರಿ ದಾಖಲೆಯ ಉದಾಸೀನದಿಂದಲೂ ಒಮ್ಮೊಮ್ಮೆ ಉಪಕಾರವಾಗುತ್ತದೆ.) ಬೆಂಗಳೂರಿನ ಜಯನಗರದಿಂದ ಥೈರಾಯ್ಡ್ ಬಗ್ಗೆ ಹುಡುಕಿದವರು ದೊಡ್ಡ ಗುಂಪಿನಲ್ಲಿ ಕರಗಿಹೋಗುತ್ತಾರೆ. ಸೊರಬದ ಒಂದು ಹಳ್ಳಿಯಲ್ಲಿ ಅನಾನಸ್ ದರ, ಥೈರಾಯ್ಡ್ ಮಾತ್ರೆ, ಮಗಳ ಸಿಇಟಿ ಕೌನ್ಸೆಲಿಂಗ್ ಈ ಮೂರನ್ನೂ ಒಂದೇ ವಾರ ಹುಡುಕುವವರು ಎಷ್ಟು ಮನೆಯವರಿದ್ದಾರು? ಗುಂಪೇ ರಕ್ಷಣೆ ಎಂಬುದನ್ನು ಗೂಗಲ್ ಕೂಡ ಒಪ್ಪುತ್ತದೆ. ಹುಡುಕುವಾಗ ಅಂದಾಜು ಮಾಡುವ ‘ಸಾಮಾನ್ಯ ಪ್ರದೇಶ’ ಕನಿಷ್ಠ 3 ಚದರ ಕಿಲೋಮೀಟರ್ ಇರುತ್ತದೆ, ಅದರಲ್ಲಿ ಕನಿಷ್ಠ 1,000 ಬಳಕೆದಾರರಿರುತ್ತಾರೆ ಎಂಬುದು ಅದರ ವಿವರಣೆ. ಒಳ್ಳೆಯ ನಿಯಮವೇ. ಆದರೆ ಸಾವಿರದ ಗುಂಪು ಒಂದು ಹುಡುಕಾಟವನ್ನು ಮರೆಮಾಡೀತು, ಒಂದು ವರ್ಷದ ಹುಡುಕಾಟವನ್ನಲ್ಲ. ಬ್ರೌಸರ್‌ಗೆ ನಿಖರ ಸ್ಥಳದ ಅನುಮತಿ ಕೊಟ್ಟಿದ್ದರೆ ಆ ಸಾವಿರದ ಮಾತೂ ಅನ್ವಯಿಸುವುದಿಲ್ಲ.

ಗೂಗಲ್‌ಗೆ ನಮ್ಮ ಹೆಸರು, ನಂಬರ್ ಮೊದಲೇ ಗೊತ್ತಿರುವಾಗ ಲೊಕೇಶನ್ ಮುಚ್ಚಿ ಏನು ಲಾಭ ಎಂದು ಕೇಳಬಹುದು. ಹೆಸರು ಗೊತ್ತಿರುವ ಕಂಪನಿಯ ವಿಷಯದಲ್ಲಿ ಲಾಭ ಕಡಿಮೆ, ನಿಜ. ಅಲ್ಲಿ ಕೆಲಸಕ್ಕೆ ಬರುವುದು ಆಟೋ ಡಿಲೀಟ್. 2020ರ ಜೂನ್‌ನಿಂದೀಚೆಗೆ ತೆರೆದ ಖಾತೆಗಳಲ್ಲಿ ಅದು ತಾನಾಗಿ 18 ತಿಂಗಳಿಗೆ ಹೊಂದಿಕೊಂಡಿರುತ್ತದೆ. ನಾವೇ ಹೋಗಿ 3 ತಿಂಗಳಿಗೆ ಇಳಿಸಬಹುದು. ಅಳಿಸಿದ್ದು ಸರ್ವರ್‌ಗಳಿಂದ ಪೂರ್ತಿ ಹೋಗಲು ಸುಮಾರು 2 ತಿಂಗಳು, ಬ್ಯಾಕಪ್‌ಗಳಿಂದ ಹೋಗಲು 6 ತಿಂಗಳವರೆಗೂ ಹಿಡಿಯುತ್ತದೆ. ಆದರೆ ಫೋನಿನಲ್ಲಿರುವ ಉಳಿದ ಹತ್ತಾರು ಆ್ಯಪ್‌ಗಳಿಗೂ ಅವು ಜೋಡಿಸಿಕೊಂಡ ಜಾಹೀರಾತು ಜಾಲಗಳಿಗೂ ಎಷ್ಟೋ ಸಲ ನಮ್ಮ ಹೆಸರು ಗೊತ್ತಿರುವುದಿಲ್ಲ. ‘ಹೆಸರಿಲ್ಲದ ಮಾಹಿತಿ’ ಎಂಬ ಸಮಾಧಾನದಲ್ಲಿ ಕೈ ಬದಲಾಗುವುದು ಆ ಮಾಹಿತಿಯೇ. ರಾತ್ರಿಯಿಡೀ ಒಂದೇ ಮನೆಯಲ್ಲಿ ತಂಗುವ ಫೋನು ಯಾರದೆಂದು ಹೇಳಲು ಹಳ್ಳಿಯಲ್ಲಿ ಹೆಸರು ಬೇಕಿಲ್ಲ.

ಹಾಗೆಂದು ಫೋನಿನ ಹಿಸ್ಟರಿ ಅಳಿಸುವುದು ವ್ಯರ್ಥವಲ್ಲ. ಮನೆಗೊಂದೇ ಫೋನು ಕೈಯಿಂದ ಕೈಗೆ ಹೋಗುವ ಕಡೆ ಮೊದಲ ಆತಂಕ ಕ್ಯಾಲಿಫೋರ್ನಿಯಾದ ಕಂಪನಿಯದ್ದಲ್ಲ, ಅತ್ತೆಯದ್ದು, ಅಣ್ಣನದ್ದು, ಗಂಡನದ್ದು. ಗರ್ಭನಿರೋಧಕದ ಬಗ್ಗೆಯೋ ಮನಸ್ಸಿನ ಕಾಯಿಲೆಯ ಬಗ್ಗೆಯೋ ಓದಿದ ಹೆಣ್ಣುಮಗಳಿಗೆ ಆ ಗುಂಡಿ, ಇನ್‌ಕಾಗ್ನಿಟೊ ಕಿಟಕಿ, ಎರಡೂ ನಿಜವಾದ ರಕ್ಷಣೆಯೇ. ಆದರೆ ಇನ್‌ಕಾಗ್ನಿಟೊ ಮರೆಮಾಡುವುದು ಹತ್ತಿರದ ಕಣ್ಣಿಗೆ ಮಾತ್ರ. ಅದರಲ್ಲೂ ಮಾಹಿತಿ ಸಂಗ್ರಹಿಸಿದ್ದಕ್ಕಾಗಿ ಅಮೆರಿಕದಲ್ಲಿ 2020ರಲ್ಲಿ ಹೂಡಿದ ಮೊಕದ್ದಮೆಯ ರಾಜಿಯಲ್ಲಿ, ಕೋಟ್ಯಂತರ ದಾಖಲೆಗಳನ್ನು ನಾಶಮಾಡಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು. ಇನ್ನೊಂದು ಹತ್ತಿರದ ಕಣ್ಣನ್ನು ನಾವು ಮರೆಯುತ್ತೇವೆ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸುವಾಗ ಅಲ್ಲಿನವರೇ ತೆರೆದುಕೊಟ್ಟ ಜಿಮೇಲ್ ಖಾತೆಯ ಪಾಸ್‌ವರ್ಡ್ ಯಾರಿಗೆ ಗೊತ್ತು, ಅದರ ರಿಕವರಿ ನಂಬರ್ ಯಾರದು ಎಂದು ಒಮ್ಮೆ ನೋಡಿಕೊಳ್ಳುವುದು ನೂರು ಸಲ ಹಿಸ್ಟರಿ ಅಳಿಸುವುದಕ್ಕಿಂತ ಮೇಲು.

‘ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ’ ಎನ್ನುವವರಿಗೆ ಸಾಲ, ಕಾಯಿಲೆ, ಮದುವೆ ಎಂಬ ಮೂರು ಪದ ಸಾಕು. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ, ಅದಕ್ಕೆ ಸೊರಬಕ್ಕಿಂತ ತಕ್ಕ ಜಾಗ ಸಿಗದು. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಆಸುಪಾಸಿನ ಜನ ಜ್ವರ ಬಂದು ಮಲಗಿದರು; ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಾಣುವನ್ನು ಪತ್ತೆಹಚ್ಚಿದರು. ಉಣುಗು ಕಚ್ಚಿ ಹರಡುವ ಈ ಮಂಗನ ಕಾಯಿಲೆಗೆ ಲೋಕವೆಲ್ಲ ಕ್ಯಾಸನೂರಿನ ಹೆಸರನ್ನೇ ಇಟ್ಟಿದೆ. ಬೇಸಿಗೆಯಲ್ಲಿ ಯಾವ ಹಳ್ಳಿಯಿಂದ ‘ಜ್ವರ, ಮೈಕೈ ನೋವು, ಒಸಡಿನಲ್ಲಿ ರಕ್ತ’ ಎಂಬ ಹುಡುಕಾಟ ಏರುತ್ತಿದೆ ಎಂದು ಆರೋಗ್ಯ ಇಲಾಖೆಗೆ ತಿಳಿದರೆ ಜೀವ ಉಳಿಯದೇ? ಲೊಕೇಶನ್ ಮುಚ್ಚಿ ಎಂದು ಹೇಳುವುದು ಸ್ವಾರ್ಥವಲ್ಲವೇ? ಇಂಥದ್ದೇ ಆಸೆಯಿಂದ ಗೂಗಲ್ 2008ರಲ್ಲಿ ‘ಫ್ಲೂ ಟ್ರೆಂಡ್ಸ್’ ಶುರುಮಾಡಿತ್ತು. 2012–13ರ ಚಳಿಗಾಲದಲ್ಲಿ ಅದು ಅಮೆರಿಕದ ಫ್ಲೂ ಪ್ರಮಾಣವನ್ನು ನಿಜಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹೇಳಿತು, 2015ರಲ್ಲಿ ಬಾಗಿಲು ಹಾಕಿತು. ಸುದ್ದಿ ಕೇಳಿ ಗಾಬರಿಯಾದ ಆರೋಗ್ಯವಂತರೂ ಹುಡುಕುತ್ತಾರೆ ಎಂಬುದು ತಜ್ಞರು ಕೊಟ್ಟ ಕಾರಣಗಳಲ್ಲೊಂದು. ಮಲೆನಾಡಿನಲ್ಲಿ ಒಂದು ಸಾವು ಪತ್ರಿಕೆಯಲ್ಲಿ ಬಂದ ದಿನ ಯಾರು ತಾನೇ ಹುಡುಕದೆ ಇರುತ್ತಾರೆ? ಮಂಗನ ಕಾಯಿಲೆಯನ್ನು ಹಿಡಿದುಕೊಡುವುದು ಇಂದಿಗೂ ಸತ್ತ ಮಂಗದ ಸುದ್ದಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ರಕ್ತದ ಪರೀಕ್ಷೆ. ಹುಡುಕಾಟದ ಲೆಕ್ಕ ಇವಕ್ಕೆ ಜೊತೆಯಾಗಬೇಕಿದ್ದರೂ ತಾಲ್ಲೂಕುವಾರು ಒಟ್ಟು ಸಂಖ್ಯೆ ಸಾಕು. ಯಾರ ಮನೆಯ ಯಾರು ಎಂದು ವರ್ಷಗಟ್ಟಲೆ ಕಾದಿಡುವ ಅಗತ್ಯ ಅದಕ್ಕಿಲ್ಲ.

ಕಾನೂನಿನ ದಾರಿ ನಿಧಾನವಾಗಿ ತೆರೆಯುತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಅದೇ ವರ್ಷದ ಜನವರಿಯಲ್ಲಿ ನಮ್ಮ ಹೈಕೋರ್ಟು, ಹಳೆಯ ಪ್ರಕರಣವೊಂದರಲ್ಲಿದ್ದ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ಕೊಡುತ್ತದೆ; ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು. ಸರ್ಕಾರಕ್ಕೆ ಅದರಲ್ಲಿ ಧಾರಾಳ ವಿನಾಯಿತಿಗಳಿವೆ. ಈಗಲೇ ಕೈಗೆಟಕುವುದು ಫೋನಿನ ಸೆಟ್ಟಿಂಗ್ಸ್. ಆಂಡ್ರಾಯ್ಡ್ 12ರಿಂದೀಚಿನ ಫೋನುಗಳಲ್ಲಿ ಪ್ರತಿ ಆ್ಯಪ್‌ಗೂ ನಿಖರ ಸ್ಥಳದ ಬದಲು ಅಂದಾಜು ಸ್ಥಳ ಮಾತ್ರ ಕೊಡಬಹುದು, ಜಾಹೀರಾತು ಐಡಿಯನ್ನೂ ಅಳಿಸಬಹುದು. ಇದರಿಂದ ಮಳೆಯ ಮುನ್ಸೂಚನೆ, ಅಡಿಕೆ ಧಾರಣೆ ತಪ್ಪಿಹೋಗುತ್ತದೆ ಎಂಬ ಭಯ ಬೇಡ. ಮಳೆಗೆ ತಾಲ್ಲೂಕಿನ ಹೆಸರು ಟೈಪ್ ಮಾಡಿದರೆ ಸಾಕು. ರಾಶಿ ಇಡಿ ಅಡಿಕೆಯ ದರಕ್ಕಂತೂ ‘ಶಿವಮೊಗ್ಗ’ ಎಂದೇ ಹುಡುಕಬೇಕು, ಹೇಗೂ ಎಲ್ಲರ ಕಣ್ಣು ಅಲ್ಲಿನ ಮಾರುಕಟ್ಟೆಯ ಮೇಲೇ ಇರುವುದು.